ಬೆನ್ನು ನೆಲಕ್ಕೆ ತಾಗಿದ ಮೇಲೆ

ನನ್ನ ತಾತ ಮೈಸೂರಿನ ಗರಡಿಯಲ್ಲಿ ಸಾಮು ತೆಗೆದು ಬೆಳೆದವರು. ದಸರಾ ಕುಸ್ತಿಯಲ್ಲಿ ಜೋಡಿ ಕಟ್ಟಿಸಿಕೊಂಡು ಆಡಿದವರು. ಕುಸ್ತಿಯ ಪೆಟ್ಟಿಗೆ ಅವರ ಎಡಗಿವಿ ಗಟ್ಟಿಯಾಗಿ ಮುದುಡಿಕೊಂಡಿದೆ. ಮೊಮ್ಮಕ್ಕಳಾದ ನಮಗೆ ಪಟ್ಟುಗಳನ್ನು ಅವರು ಅಷ್ಟೇನೂ ಹೇಳಿಕೊಡಲಿಲ್ಲ. ಆದರೆ ಹಿತ್ತಲಿನ ಮರಳು ಗುಡ್ಡೆಯ ಮೇಲೆ ನಾವು ಹುಡುಗರು ಗುದ್ದಾಡುವಾಗ ಜಗಲಿಯಿಂದ ಒಂದೇ ಮಾತು ಕೂಗುತ್ತಿದ್ದರು. "ಬೆನ್ನು ನೆಲಕ್ಕೆ ಹತ್ತಬಾರದು ಕಣ್ರೋ! ಬೋರಲಾಗ್ರೋ!"

ಮಣ್ಣಿನ ಕುಸ್ತಿಯಲ್ಲಿ ಎರಡೂ ಹೆಗಲು ನೆಲ ಮುಟ್ಟಿದರೆ ಚಿತ್. ಅಲ್ಲಿಗೆ ಮುಗಿಯಿತು. ಹಾಗಾಗಿ ಬಿದ್ದವನು ತಕ್ಷಣ ಹೊಟ್ಟೆಯ ಮೇಲೆ ತಿರುಗುತ್ತಾನೆ. ಕೈಕಾಲು ಅಗಲಿಸಿ ನೆಲ ಕಚ್ಚಿಕೊಳ್ಳುತ್ತಾನೆ. ಮೇಲಿನವನು ಎಷ್ಟು ಎಳೆದರೂ ತಿರುಗಬಾರದು. ಈ ಮಾತು ನನ್ನ ಮೈಗೆ ಎಷ್ಟು ಹತ್ತಿತ್ತು ಅಂದರೆ, ಇಪ್ಪತ್ತೈದು ವರ್ಷ ಆದ ಮೇಲೂ ಅದು ಅಲ್ಲೇ ಇತ್ತು.

ಬ್ರೆಜಿಲಿಯನ್ ಜಿಯು ಜಿಟ್ಸು, ಅಂದರೆ ಹೆಚ್ಚಾಗಿ ನೆಲದ ಮೇಲೆ ಹಿಡಿದು ಪಟ್ಟು ಹಾಕುವ ಕುಸ್ತಿಯಂಥ ವಿದ್ಯೆ, ಕಲಿಯೋಕೆ ಹೋದಾಗ ನನಗೆ 34 ವರ್ಷ. ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ. ಆಫೀಸಿನ ಸ್ನೇಹಿತನೊಬ್ಬ ಒಂದು ಸಂಜೆ ಕರೆದುಕೊಂಡು ಹೋದ. ಅಂಗಡಿಗಳ ಮೇಲಿನ ಮೂರನೇ ಮಹಡಿ, ಗೋಡೆಯಿಂದ ಗೋಡೆಗೆ ಹಾಸಿದ ಮ್ಯಾಟ್, ನಾಲ್ಕು ಫ್ಯಾನು. ಮಟ್ಟಿಯ ಮಣ್ಣಿನ ವಾಸನೆ ಇರಲಿಲ್ಲ, ಬೆವರಿನ ವಾಸನೆ ಇತ್ತು. ಕೋಚ್ ಮಂಗಳೂರಿನ ಕಡೆಯವರು. ಕೈ ಮುಗಿದು ಮಾತಾಡಿಸಿದರು. ಅವರ ಎರಡೂ ಕಿವಿ ತಾತನ ಕಿವಿಯ ಹಾಗೇ ಮುದುಡಿದ್ದವು. ಅದನ್ನು ನೋಡಿ ನನಗೆ ಆ ಜಾಗದ ಮೇಲೆ ನಂಬಿಕೆ ಬಂತು.

ಮೊದಲ ವಾರ ಬರೀ ಹೊರಳಾಟ, ಬೀಳುವ ಅಭ್ಯಾಸ. ಎರಡನೇ ವಾರ 5 ನಿಮಿಷದ ರೋಲ್‌ಗೆ ಬಿಟ್ಟರು. ರೋಲ್ ಅಂದರೆ ನಿಜವಾದ ಪಟ್ಟು ಹಾಕಿ ಆಡುವುದು. ಸೋತವರು ಕೈಯಿಂದ ಎರಡು ಸಲ ತಟ್ಟುತ್ತಾರೆ, ಮತ್ತೆ ಶುರು. ನನ್ನ ಎದುರಿಗೆ ನೀಲಿ ಬೆಲ್ಟಿನ, ಅಂದರೆ ಹೊಸಬರ ಬಿಳಿ ಬೆಲ್ಟಿಗಿಂತ ಒಂದು ಮೆಟ್ಟಿಲು ಮೇಲಿನ ಒಬ್ಬ ಹುಡುಗಿ. ನನಗಿಂತ ಹದಿನೈದು ಕೆಜಿಯಾದರೂ ಕಡಿಮೆ ತೂಕ. ಅವರು ನನ್ನ ತೋಳು ಎಳೆದು ಕೆಳಗೆ ಬೀಳಿಸಿದರು. ನಾನು ತಾತ ಹೇಳಿದ ಹಾಗೆ ಬೋರಲಾದೆ. ಮರುಕ್ಷಣ ಅವರು ನನ್ನ ಬೆನ್ನ ಮೇಲೆ. ಎರಡೂ ಹಿಮ್ಮಡಿ ನನ್ನ ತೊಡೆಯೊಳಗೆ, ಒಂದು ತೋಳು ಕತ್ತಿನ ಸುತ್ತ. ತಟ್ಟಿದೆ. ಮತ್ತೆ ಶುರು, ಮತ್ತೆ ಬೋರಲು, ಮತ್ತೆ ಅದೇ ತೋಳು. 5 ನಿಮಿಷದಲ್ಲಿ 4 ಸಲ.

ಕೋಚ್ ಪಕ್ಕ ಬಂದು ಕೂತರು. "ಎಂತಕ್ಕೆ ಪ್ರತಿ ಸಲ ಬೆನ್ನು ಕೊಡ್ತೀರಿ ಮಾರಾಯ್ರೆ?"

"ಸರ್, ಬೆನ್ನು ನೆಲಕ್ಕೆ ತಾಗಿದರೆ ಸೋತ ಹಾಗಲ್ವಾ?"

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಕುಸ್ತಿ ಮನೆಯವರಾ?" ಅಂದರು. ಹೌದು ಅಂದೆ. "ಇಲ್ಲಿ ಬೆನ್ನನ್ನು ನೆಲಕ್ಕೆ ಕೊಡಿ. ಎದುರಿನವರಿಗೆ ಕೊಡಬೇಡಿ. ಮೊದಲ ಒಂದು ವರ್ಷಕ್ಕೆ ನಿಮಗೆ ಇಷ್ಟೇ ಸಾಕು."

ಆ ವರ್ಷ ಪೂರ್ತಿ ಈ ಮಾತಿನ ಅರ್ಥ ತಿಳಿಯೋದರಲ್ಲೇ ಕಳೆಯಿತು.

ಈ ವಿದ್ಯೆ ನೆಲದ ಮೇಲೆ ಯಾಕೆ ಇಷ್ಟು ಬೆಳೆಯಿತು ಅನ್ನೋದು ಅದರ ಕಥೆಯಲ್ಲೇ ಇದೆ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಜುಜುತ್ಸು ಅನ್ನುವ ಅಲ್ಲಿನ ಹಳೆಯ ಕಾಳಗ ವಿದ್ಯೆಯನ್ನು ತಿದ್ದಿ ಜೂಡೋ ಕಟ್ಟಿದರು. ಆ ಪರಂಪರೆಯ ಮಿತ್ಸುಯೊ ಮಾಯೆದಾ ಊರೂರು ತಿರುಗಿ, ಪಂದ್ಯ ಆಡುತ್ತಾ 1914ರಲ್ಲಿ ಬ್ರೆಜಿಲ್ ತಲುಪಿದರು. ಉತ್ತರದ ಬೆಲೆಂ ಪಟ್ಟಣದಲ್ಲಿ ಅವರಿಂದ ಕಲಿತವರಲ್ಲಿ ಕಾರ್ಲೋಸ್ ಗ್ರೇಸಿ ಒಬ್ಬರು. ಆಮೇಲೆ ಆ ಕುಟುಂಬ ರಿಯೋ ಡಿ ಜನೈರೋದಲ್ಲಿ ನೆಲೆಸಿತು. ಕಾರ್ಲೋಸ್‌ರ ತಮ್ಮ ಹೆಲಿಯೊ ತೆಳ್ಳಗಿನ ಮೈಯವರು. ದೊಡ್ಡವರನ್ನು ಎತ್ತಿ ಹಾಕುವ ಶಕ್ತಿ ಇಲ್ಲದವರಿಗೆ ನೆಲವೇ ಗತಿ. ಕೆಳಗಿದ್ದುಕೊಂಡೇ ಕಾಲುಗಳಿಂದ ತಡೆದು, ತಾಳಿಕೊಂಡು, ಎದುರಾಳಿ ತಪ್ಪು ಮಾಡುವವರೆಗೆ ಕಾಯುವ ಆಟ ಅಲ್ಲಿ ಬೆಳೆಯಿತು. ಆ ಕಾಲುಗಳ ಕೋಟೆಗೆ ಗಾರ್ಡ್ ಅನ್ನುತ್ತಾರೆ. ನಮ್ಮ ಕುಸ್ತಿ ಎಲ್ಲಿ ಮುಗಿಯುತ್ತದೋ, ಇವರ ಆಟ ಅಲ್ಲಿ ಶುರುವಾಗುತ್ತದೆ.

1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ, ಅಂದರೆ ಬೇರೆ ಬೇರೆ ಕಾಳಗ ವಿದ್ಯೆಯವರು ಎದುರುಬದುರಾಗುವ ಪಂದ್ಯಾವಳಿ, ನಡೆಯಿತು. ಹೆಲಿಯೊರ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ 3 ಜನರನ್ನು ಸೋಲಿಸಿದರು. ಕೊನೆಯ ಎರಡೂ ಗೆಲುವು ಎದುರಾಳಿಯ ಬೆನ್ನ ಮೇಲೆ ಹತ್ತಿ, ಹಿಂದಿನಿಂದ ಕತ್ತು ಹಿಡಿದು ಬಂದವು. ನಾನು ಆ ಹುಡುಗಿಗೆ 4 ಸಲ ಕೊಟ್ಟಿದ್ದು ಅದೇ ಬೆನ್ನು.

ಸ್ಪರ್ಧೆಯ ಅಂಕಗಳನ್ನು ನೋಡಿದರೂ ಇದು ಗೊತ್ತಾಗುತ್ತದೆ. ಎದುರಾಳಿಯನ್ನು ಕೆಡವಿದರೆ 2. ಅವರ ಕಾಲುಗಳನ್ನು ದಾಟಿ ಪಕ್ಕಕ್ಕೆ ಬಂದು ಹಿಡಿದರೆ 3. ಎದೆಯ ಮೇಲೆ ಕೂತರೆ, ಅಂದರೆ ಮೌಂಟ್ ಹಿಡಿದರೆ 4. ಬೆನ್ನು ಹತ್ತಿದರೂ 4. ಅಂಗಾತ ಬೀಳಿಸಿದ ಮಾತ್ರಕ್ಕೆ ಪಂದ್ಯ ಮುಗಿಯುವುದೇ ಇಲ್ಲ. ಬಿದ್ದವನು ತನ್ನ ಕಾಲುಗಳನ್ನು ಇಬ್ಬರ ನಡುವೆ ಇಟ್ಟುಕೊಂಡಿದ್ದರೆ ಅವನಿನ್ನೂ ಸಮಾನ. ಈ ಪಟ್ಟಿಯನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಯಾವ ಜಾಗ ಎಷ್ಟು ಅಪಾಯ ಅನ್ನೋದರ ನಕ್ಷೆ ಅದು. ಹೊಸಬರು ಪಟ್ಟುಗಳ ಹೆಸರು ಕಲಿಯುವ ಮೊದಲು ಈ ನಕ್ಷೆ ಕಲಿಯಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಎಲ್ಲಿದ್ದೇವೆ ಅಂತಲೇ ಗೊತ್ತಿಲ್ಲದೆ ದಾರಿ ಹುಡುಕೋದು ಹೇಗೆ?

ಬೋರಲಾಗುವುದನ್ನು ನಿಲ್ಲಿಸಿದೆ. ಆಗ ಹೊಸ ಕಷ್ಟ ಶುರುವಾಯಿತು.

ನಮ್ಮಲ್ಲಿ 92 ಕೆಜಿಯ ಒಬ್ಬರು ಇದ್ದಾರೆ. ಒಳ್ಳೆಯ ಮನುಷ್ಯ, ನೇರಳೆ ಬೆಲ್ಟ್. ಅವರು ನನ್ನ ಕಾಲು ದಾಟಿ ಎದೆಗೆ ಎದೆ ಅಡ್ಡಲಾಗಿ ಒತ್ತಿ ಮಲಗುತ್ತಿದ್ದರು. ಇದಕ್ಕೆ ಸೈಡ್ ಕಂಟ್ರೋಲ್ ಅನ್ನುತ್ತಾರೆ. ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಎರಡೂ ಅಂಗೈ ಅವರ ಎದೆಗೆ ಕೊಟ್ಟು ಬಲವಾಗಿ ಮೇಲಕ್ಕೆ ತಳ್ಳುತ್ತಿದ್ದೆ. ಒಂದೂವರೆ ನಿಮಿಷಕ್ಕೆ ತೋಳು ಸತ್ತುಹೋಗುತ್ತಿತ್ತು. ಜೊತೆಗೆ, ನೆಟ್ಟಗಾದ ತೋಳು ಅವರಿಗೆ ತಟ್ಟೆಯಲ್ಲಿ ಇಟ್ಟು ಕೊಟ್ಟ ಹಾಗೆ. ಅದನ್ನೇ ಹಿಡಿದು ಮೊಣಕೈ ಕೀಲಿಗೆ ಪಟ್ಟು ಹಾಕುತ್ತಿದ್ದರು. ಎರಡು ತಿಂಗಳು ಹೀಗೇ ನಡೆಯಿತು.

ಒಂದು ಶನಿವಾರ ಕೋಚ್ ನನ್ನನ್ನು ಬೇರೆಯಾಗಿ ಕರೆದು ತಾವೇ ನನ್ನ ಮೇಲೆ ಮಲಗಿದರು. "ತಳ್ಳಬೇಡಿ," ಅಂದರು. ನನ್ನ ಒಂದು ಮುಂಗೈಯನ್ನು ತಮ್ಮ ಕತ್ತಿಗೆ ಅಡ್ಡ ಇಟ್ಟರು. ಇನ್ನೊಂದನ್ನು ತಮ್ಮ ಸೊಂಟದ ಮೂಳೆಗೆ ಇಟ್ಟರು. ಎರಡೂ ಮೊಣಕೈ ನನ್ನ ಪಕ್ಕೆಗೆ ಹತ್ತಿರ. "ಈಗ ಸುಮ್ನೆ ಇರಿ. ನಾನು ಭಾರ ಬಿಡ್ತೇನೆ."

ಬಿಟ್ಟರು. ಭಾರ ನನ್ನ ಎದೆಗೆ ಬರಲಿಲ್ಲ. ಮುಂಗೈ ಮೂಳೆಯ ಮೂಲಕ ಮೊಣಕೈಗೆ, ಅಲ್ಲಿಂದ ನೆಲಕ್ಕೆ ಹೋಯಿತು. ನನ್ನ ತೋಳಿನ ಮಾಂಸಖಂಡ ಏನೂ ಮಾಡುತ್ತಿರಲಿಲ್ಲ. ನನಗೆ ಊರಿನ ಮನೆಯ ಕಂಬಗಳು ನೆನಪಾದವು. ಕಂಬ ಚಾವಣಿಯನ್ನು ತಳ್ಳುವುದಿಲ್ಲ. ಸುಮ್ನೆ ನಿಂತಿರುತ್ತದೆ. ನೂರು ವರ್ಷ ಬೇಕಾದರೂ ನಿಲ್ಲುತ್ತದೆ. ಇದಕ್ಕೆ ಇವರು ಫ್ರೇಮ್ ಅನ್ನುತ್ತಾರೆ. ನಾನು ಮನಸ್ಸಿನಲ್ಲಿ ಕಂಬ ಅಂತಲೇ ಅಂದುಕೊಳ್ಳುತ್ತೇನೆ.

"ಈಗ ನನ್ನನ್ನು ಸರಿಸಬೇಡಿ, ನೀವೇ ಸರಿಯಿರಿ," ಅಂದರು. ಇದು ಎರಡನೆಯ ಪಾಠ. 92 ಕೆಜಿಯನ್ನು ಸರಿಸೋದು ನನ್ನ ಕೈಲಿ ಆಗದ ಕೆಲಸ. ನನ್ನ ಸೊಂಟವನ್ನು ಒಂದು ಗೇಣು ಹಿಂದಕ್ಕೆ ಸರಿಸೋದು ಆಗುವ ಕೆಲಸ. ಅಂಗಾಲು ನೆಲಕ್ಕೆ ಊರಿ, ಸೊಂಟ ಎತ್ತಿ, ಮಗ್ಗುಲಾಗಿ, ಕುಂಡೆಯನ್ನು ಹಿಂದಕ್ಕೆ ಎಸೆಯಬೇಕು. ಸಿಗಡಿ ಮೈ ಮುದುಡಿದ ಹಾಗೆ ಕಾಣುವುದರಿಂದ ಇದಕ್ಕೆ ಶ್ರಿಂಪ್ ಅಂತ ಹೆಸರು. ಆ ಒಂದು ಗೇಣು ಜಾಗದಲ್ಲಿ ಮಂಡಿ ತೂರಿಸಬೇಕು. ಮಂಡಿ ಒಳಗೆ ಬಂತು ಅಂದರೆ ಕಾಲುಗಳ ಕೋಟೆ ಮತ್ತೆ ಕಟ್ಟಿದ ಹಾಗೆ.

ಈ ಮಂಡಿ ಎಲ್ಲಿಗೆ ಹೋಗಿ ಸೇರಬೇಕು? ಮೊಣಕೈಗೆ. ಕೋಚ್ ಒಂದು ಟವೆಲ್ ಮಡಚಿ ನನ್ನ ಮೊಣಕೈ ಮತ್ತು ಮಂಡಿಯ ನಡುವೆ ಸಿಕ್ಕಿಸಿದರು. ಅದನ್ನು ಬೀಳಿಸದೆ ಮ್ಯಾಟ್ ಉದ್ದಕ್ಕೂ ಹೊರಳಿ ಅಂದರು. ಆ ಎರಡರ ನಡುವೆ ಜಾಗ ಬಿಟ್ಟರೆ ಅಲ್ಲೇ ಎದುರಾಳಿಯ ಕೈ, ತಲೆ, ಮಂಡಿ ಬಂದು ಕೂರುತ್ತದೆ. ಒಂದು ಸಲ ಕೂತರೆ ಎಬ್ಬಿಸೋದು ಕಷ್ಟ. ಮನೆಯಲ್ಲಿ ರಾತ್ರಿ ಹಾಸಿಗೆ ಮೇಲೂ ನಾನು ಈ ಟವೆಲ್ ಅಭ್ಯಾಸ ಮಾಡಿದೆ. ಹೆಂಡತಿ ದಿಂಬು ತೆಗೆದುಕೊಂಡು ಗೋಡೆ ಕಡೆ ಸರಿದು ಮಲಗುತ್ತಿದ್ದಳು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬೆನ್ನು ನೆಲಕ್ಕೆ ಕೊಡಿ ಅಂದರೆ ಅಂಗಾತ ಚಪ್ಪಟೆಯಾಗಿ ಮಲಗಿ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಚಪ್ಪಟೆಯಾಗಿ ಮಲಗಿದವನ ಸೊಂಟ ಸತ್ತ ಹಾಗೆ. ಯಾವ ಕಡೆಗೂ ಹೋಗಲು ಬಾರದು. ಮಗ್ಗುಲಾದವನ ಸೊಂಟ ಜೀವಂತ. ಒಂದು ಹೆಗಲು ನೆಲಕ್ಕೆ, ಒಂದು ಹೆಗಲು ಗಾಳಿಯಲ್ಲಿ, ಮುಖ ಎದುರಾಳಿಯ ಕಡೆಗೆ. ಇದು ನನಗೆ ತಿಳಿಯೋಕೆ 5 ತಿಂಗಳು ಬೇಕಾಯಿತು.

ಏಳನೇ ತಿಂಗಳಲ್ಲಿ ಹೆಗಲಿಗೆ ಪೆಟ್ಟಾಯಿತು. ತಪ್ಪು ಪೂರ್ತಿ ನನ್ನದೇ. ಮಣಿಕಟ್ಟು ಹಿಡಿದು, ತೋಳನ್ನು ಬೆನ್ನ ಹಿಂದಕ್ಕೆ ತಿರುಚುವ ಪಟ್ಟೊಂದಿದೆ. ಅದರ ಹೆಸರು ಕಿಮುರಾ. 1951ರಲ್ಲಿ ರಿಯೋದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ ಇದೇ ಪಟ್ಟಿನಿಂದ ಹೆಲಿಯೊ ಗ್ರೇಸಿಯ ತೋಳು ಮುರಿದರು. ಹೆಲಿಯೊ ತಟ್ಟಲಿಲ್ಲ. ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಬೇಕಾಯಿತು. ಗೆದ್ದವನ ಹೆಸರನ್ನೇ ಬ್ರೆಜಿಲ್‌ನವರು ಆ ಪಟ್ಟಿಗೆ ಇಟ್ಟರು. ಇದು ನನಗೆ ತುಂಬಾ ಹಿಡಿಸಿದ ಸಂಗತಿ. ಸೋಲಿಸಿದವನಿಗೆ ಕೊಟ್ಟ ಗೌರವ ಅದು.

ಆ ದಿನ ನನ್ನ ಜೊತೆ ಆಡಿದವನು ನನಗಿಂತ ಆಮೇಲೆ ಸೇರಿದ ಹುಡುಗ. ಪಟ್ಟು ಕೂತಿತ್ತು. ನನಗೆ ಗೊತ್ತಿತ್ತು. ತಟ್ಟಬೇಕು ಅಂತಲೂ ಗೊತ್ತಿತ್ತು. ಇವನಿಗೆ ಹೇಗೆ ತಟ್ಟೋದು ಅಂತ ಎರಡು ಸೆಕೆಂಡ್ ತಡೆದೆ. ಹೆಗಲೊಳಗೆ ಒದ್ದೆ ಬಟ್ಟೆ ಹರಿದ ಹಾಗೆ ಸದ್ದಾಯಿತು. ಹುಡುಗ ತಕ್ಷಣ ಬಿಟ್ಟ. ಅವನ ಮುಖ ಬಿಳಿಚಿತ್ತು. "ಸಾರಿ ಅಣ್ಣ, ನೀವು ತಟ್ಟಲೇ ಇಲ್ಲ," ಅಂತ ಮೂರು ಸಲ ಹೇಳಿದ. ಅವನಿಗೆ ನಾನು ಕೊಟ್ಟ ಹಿಂಸೆ ನೆನೆದರೆ ಈಗಲೂ ಬೇಜಾರಾಗುತ್ತದೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಜಟ್ಟಿ ನಾನೇ ಅಂತ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅರ್ಥವಾಯಿತು. ಡಾಕ್ಟರು 7 ವಾರ ಮ್ಯಾಟ್ ಹತ್ತಬೇಡಿ ಅಂದರು.

ಈಗ ನನ್ನ ಪದ್ಧತಿ ಹೀಗೆ. ಕೀಲಿನ ಪಟ್ಟಿಗೆ ನೋವು ಬರುವ ಮೊದಲೇ ತಟ್ಟುತ್ತೇನೆ. ಕಾಲಿನ ಪಟ್ಟುಗಳಿಗಂತೂ ಇನ್ನೂ ಬೇಗ. ಮಂಡಿ ತಿರುಚುವ ಪಟ್ಟುಗಳಲ್ಲಿ ನೋವು ಗೊತ್ತಾಗುವಷ್ಟರಲ್ಲಿ ಒಳಗೆ ಹರಿದಿರಬಹುದು. ಕತ್ತಿನ ಪಟ್ಟು ಸರಿಯಾಗಿ ಕೂತರೆ ಅದು ಉಸಿರುಗೊಳವೆ ಒತ್ತುವುದಲ್ಲ. ಕತ್ತಿನ ಎರಡು ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ, ಅವು ಮುಚ್ಚುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಹೆಚ್ಚು ನೋವೂ ಇರುವುದಿಲ್ಲ, ಅದಕ್ಕೇ ಅದು ಅಪಾಯ. ಕೈ ಸಿಕ್ಕಿಕೊಂಡಿದ್ದರೆ ಕಾಲಿನಿಂದ ತಟ್ಟಿ. ಅದೂ ಆಗದಿದ್ದರೆ ಬಾಯಲ್ಲಿ "ಟ್ಯಾಪ್" ಅಂತ ಕೂಗಿ. ಪಟ್ಟು ಹಾಕುವವರೂ ನಿಧಾನವಾಗಿ ಹಾಕಬೇಕು. ಜೊತೆಗಾರರ ತೋಳು ನಮಗೆ ಕೊಟ್ಟ ಸಾಲ. ಹಾಗೇ ವಾಪಸ್ ಕೊಡಬೇಕು.

ಆ 7 ವಾರ ನಾನು ಮನೆಯಲ್ಲಿ ಕೂರಲಿಲ್ಲ. ಕೋಚ್ ನನ್ನ ಕೈಗೆ ಟೈಮರ್ ಕೊಟ್ಟು ಮ್ಯಾಟ್ ಅಂಚಿನಲ್ಲಿ ಕೂರಿಸಿದರು. "ಪಟ್ಟು ನೋಡಬೇಡಿ. ಮೊಣಕೈ ಮಾತ್ರ ನೋಡಿ," ಅಂದರು. ಮೊದಲ ವಾರ ಏನೂ ಕಾಣಲಿಲ್ಲ. ಮೂರನೇ ವಾರದ ಹೊತ್ತಿಗೆ ಕಂಡಿತು. ಯಾರ ಮೊಣಕೈ ಪಕ್ಕೆಗೆ ಅಂಟಿಕೊಂಡಿದೆಯೋ ಅವರು ಉಳಿಯುತ್ತಿದ್ದರು. ಯಾರ ಮೊಣಕೈ ಮೈಯಿಂದ ದೂರ ಹೋಯಿತೋ, ಹತ್ತು ಸೆಕೆಂಡಿನೊಳಗೆ ಅವರಿಗೆ ಏನೋ ಒಂದು ಕೆಟ್ಟದ್ದು ಆಗುತ್ತಿತ್ತು. ಆಮೇಲೆ ತಲೆ ನೋಡಿ ಅಂದರು. ಯಾರ ಹಣೆ ಎದುರಿನವರ ದವಡೆ ಕೆಳಗಿದೆಯೋ ಅವರು ತಳ್ಳುತ್ತಿದ್ದರು. ತಲೆ ತಿರುಗಿದ ಕಡೆ ಮೈ ತಿರುಗುತ್ತಿತ್ತು. ನಮ್ಮೂರಲ್ಲಿ ಎತ್ತನ್ನು ಮೂಗುದಾರದಿಂದ ತಿರುಗಿಸುವುದೂ ಇದೇ ಲೆಕ್ಕ. ಒಂದು ರೌಂಡ್ ಆಡಿ ಕಲಿಯುವುದಕ್ಕಿಂತ ಹೆಚ್ಚು ನಾನು ಆ ಅಂಚಿನಲ್ಲಿ ಕೂತು ಕಲಿತೆ.

ವಾಪಸ್ ಬಂದ ಮೇಲೆ ಕಲಿಯುವ ರೀತಿ ಬದಲಾಯಿಸಿಕೊಂಡೆ. ಅಲ್ಲಿಯವರೆಗೆ ದಿನಕ್ಕೊಂದು ವಿಡಿಯೋ ನೋಡಿ, ದಿನಕ್ಕೊಂದು ಪಟ್ಟು ಪ್ರಯತ್ನಿಸುತ್ತಿದ್ದೆ. ಯಾವುದೂ ಕೈ ಹತ್ತುತ್ತಿರಲಿಲ್ಲ. ಈಗ ಒಂದು ತಿಂಗಳಿಗೆ ಒಂದೇ ಜಾಗ. ಮೊದಲ ತಿಂಗಳು ಸೈಡ್ ಕಂಟ್ರೋಲ್ ಅಡಿಯಲ್ಲೇ ಶುರು ಮಾಡುತ್ತಿದ್ದೆ. ಜೊತೆಗಾರರನ್ನು ಕೇಳಿಕೊಂಡು, ಅವರನ್ನು ಮೇಲೆ ಮಲಗಿಸಿಕೊಂಡು, 3 ನಿಮಿಷ. ತಪ್ಪಿಸಿಕೊಂಡರೆ ಮತ್ತೆ ಅಲ್ಲಿಂದಲೇ ಶುರು. ತಟ್ಟಿದರೂ ಅಲ್ಲಿಂದಲೇ. ಹೀಗೆ ಆಡಿದರೆ ಒಂದು ಸಂಜೆಯಲ್ಲಿ ಇಪ್ಪತ್ತು ಸಲ ಅದೇ ಕಷ್ಟ ಎದುರಾಗುತ್ತದೆ. ಬರೀ ರೋಲ್ ಆಡಿದರೆ ಎರಡೋ ಮೂರೋ ಸಲ ಸಿಗಬಹುದು. ಬೇಗ ಕಲಿಯೋಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಸಿಕ್ಕಿಕೊಂಡಾಗ ಕೋಚ್ ಪಕ್ಕದಿಂದ ಪಟ್ಟಿನ ಹೆಸರು ಹೇಳುತ್ತಿರಲಿಲ್ಲ. ಮೂರು ಪ್ರಶ್ನೆ ಕೇಳುತ್ತಿದ್ದರು. "ಅವರ ಭಾರ ಎಲ್ಲುಂಟು? ನಿಮ್ಮ ಮೊಣಕೈ ಎಲ್ಲುಂಟು? ಯಾವ ಕಡೆಗೆ ಅವರಿಗೆ ಊರುಗೋಲು ಇಲ್ಲ?" ಮೊದಮೊದಲು ಉತ್ತರ ಹುಡುಕುವಷ್ಟರಲ್ಲಿ ಸೋತಿರುತ್ತಿದ್ದೆ. ಆಮೇಲೆ ಪ್ರಶ್ನೆಗಳು ತಾವಾಗಿಯೇ ಬರತೊಡಗಿದವು.

ಮೂರನೇ ಪ್ರಶ್ನೆಯ ಉತ್ತರವೇ ಸ್ವೀಪ್. ಕೆಳಗಿದ್ದವನು ಮೇಲಿನವರನ್ನು ಉರುಳಿಸಿ ತಾನು ಮೇಲೆ ಬರುವುದು. ಮನುಷ್ಯ ಮಂಡಿಯೂರಿ ಕೂತಾಗ ಅವನಿಗೆ ನಾಲ್ಕು ಊರುಗೋಲು, ಎರಡು ಕೈ, ಎರಡು ಮಂಡಿ. ಒಂದೇ ಪಕ್ಕದ ಕೈ ಮತ್ತು ಮಂಡಿ ಎರಡನ್ನೂ ಕಟ್ಟಿಹಾಕಿದರೆ ಆ ಕಡೆಗೆ ಅವನು ಎರಡು ಕಾಲು ಮುರಿದ ಮೇಜು. ಆದರೆ ಮೇಜು ತಾನಾಗಿ ಬೀಳುವುದಿಲ್ಲ. ಭಾರವನ್ನು ಆ ಮೂಲೆಗೆ ತರಬೇಕು. ನಾನು ಇದನ್ನು ಬಿಟ್ಟೇ ಸೋಲುತ್ತಿದ್ದೆ. ತೋಳು ಹಿಡಿಯುತ್ತಿದ್ದೆ, ಕಾಲು ಬೀಸುತ್ತಿದ್ದೆ. 92 ಕೆಜಿಯವರು ಅಲ್ಲಾಡುತ್ತಲೇ ಇರಲಿಲ್ಲ.

ಹನ್ನೊಂದನೇ ತಿಂಗಳ ಒಂದು ಗುರುವಾರ. ಅವರು ನನ್ನ ಗಾರ್ಡ್ ಒಳಗೆ ಮಂಡಿಯೂರಿದ್ದರು. ನನ್ನ ಒಂದು ಕೈಯಲ್ಲಿ ಅವರ ತೋಳಿನ ಬಟ್ಟೆ, ಇನ್ನೊಂದರಲ್ಲಿ ಕಾಲರ್. ನಾನು ಮಗ್ಗುಲಾದೆ. ಮೇಲಿನ ಕಾಲಿನ ಮುಂಗಾಲನ್ನು ಅವರ ಹೊಟ್ಟೆಗೆ ಅಡ್ಡ ಇಟ್ಟೆ. ಕೆಳಗಿನ ಕಾಲು ಅವರ ಮಂಡಿಯ ಪಕ್ಕ ನೆಲದ ಮೇಲೆ. ಬೀಸಲಿಲ್ಲ. ಮೊದಲು ಎರಡೂ ಕೈಯಿಂದ ನನ್ನ ಕಡೆಗೆ ಎಳೆದೆ. ಅವರ ಎದೆಯ ಭಾರ ನನ್ನ ಮುಂಗಾಲಿನ ಮೇಲೆ ಬಂದು ಕೂತಿದ್ದು ಗೊತ್ತಾಯಿತು. ತುಂಬಿದ ಕೊಡ ಸೊಂಟಕ್ಕೆ ಬಂದು ಕೂತ ಹಾಗೆ. ಆಗ ಎರಡು ಕಾಲುಗಳನ್ನೂ ಕತ್ತರಿಯಂತೆ ಆಡಿಸಿದೆ. ಅವರು ಉರುಳಿದರು. ಬಲವೇ ಬೇಕಾಗಲಿಲ್ಲ. ನಾನು ಅವರ ಎದೆ ಮೇಲೆ ಕೂತಿದ್ದೆ. ಮುಂದೇನು ಮಾಡಬೇಕು ಅಂತ ಹೊಳೆಯದೆ ಸುಮ್ನೆ ಕೂತೆ. ಅವರು ಕೆಳಗಿನಿಂದ ನಕ್ಕು, "ಚೆನ್ನಾಗಿತ್ತು ಗುರು, ಮುಂದುವರಿಸಿ," ಅಂದರು.

ಮುಂದುವರಿಸುವುದೂ ಒಂದು ಪಾಠವೇ. ಮೇಲೆ ಬಂದ ಕೂಡಲೇ ಕಣ್ಣಿಗೆ ಕಂಡ ತೋಳಿಗೆ ಹಾರಿ, ಮೊಣಕೈ ಪಟ್ಟು ಹಾಕಲು ಹೋಗಿ, ಜಾಗವನ್ನೂ ಕಳೆದುಕೊಂಡು ಮತ್ತೆ ಕೆಳಗೆ ಬರುತ್ತಿದ್ದೆ. ಮೊದಲು ಜಾಗ, ಆಮೇಲೆ ಪಟ್ಟು ಅಂತ ಈ ವಿದ್ಯೆಯಲ್ಲಿ ಎಲ್ಲ ಕಡೆ ಹೇಳುತ್ತಾರೆ. ಜಾಗ ಗಟ್ಟಿಯಾದರೆ ಎದುರಿನವರು ತಪ್ಪಿಸಿಕೊಳ್ಳಲು ಏನಾದರೂ ಚಾಚಲೇಬೇಕು. ಚಾಚಿದ್ದೇ ಪಟ್ಟಿಗೆ ಸಿಗುತ್ತದೆ. ಮೊಣಕೈ ಪಟ್ಟಿನ ಒಳಗುಟ್ಟು ಹಾರೆ ಮತ್ತು ಕಲ್ಲಿನ ಲೆಕ್ಕ. ಹೊಲದಲ್ಲಿ ದೊಡ್ಡ ಕಲ್ಲನ್ನು ಹಾರೆಯಿಂದ ಮೀಟುವಾಗ ಕೆಳಗೆ ಒಂದು ಸಣ್ಣ ಕಲ್ಲು ಕೊಡುತ್ತೇವಲ್ಲ, ಆ ಸಣ್ಣ ಕಲ್ಲು ನಮ್ಮ ಸೊಂಟ. ಅವರ ತೋಳು ಹಾರೆ. ನಮ್ಮ ಇಡೀ ಮೈ ಒಂದು ಕಡೆ, ಅವರ ಒಂದು ಕೀಲು ಇನ್ನೊಂದು ಕಡೆ. ಸೊಂಟ ಅವರ ಹೆಗಲಿಗೆ ಅಂಟಿರದಿದ್ದರೆ ಎಷ್ಟು ಎಳೆದರೂ ಬರೀ ಎಳೆದಾಟ.

ಉಸಿರಿನ ಬಗ್ಗೆ ಯಾರೂ ನನಗೆ ಮೊದಲೇ ಹೇಳಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು. ಭಾರ ಬಿದ್ದಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಬಿಗಿಹಿಡಿದರೆ ಗಾಬರಿ, ಗಾಬರಿಗೆ ತಳ್ಳಾಟ, ತಳ್ಳಾಟಕ್ಕೆ ಸುಸ್ತು. ಮೂಗಿನಲ್ಲಿ ಉಸಿರು ಹೊರಗೆ ಬಿಡೋದನ್ನು ಮಾತ್ರ ಗಮನಿಸಿ. ಒಳಗೆ ತಾನಾಗಿ ಬರುತ್ತದೆ. ಇನ್ನು ಉಗುರು ಕತ್ತರಿಸಿ. ಆಡುವಾಗ ಹಾಕುವ ಗಿ ಅನ್ನುವ ದಪ್ಪ ಬಟ್ಟೆಯನ್ನು ಪ್ರತಿ ದಿನ ಒಗೆದು ಬಿಸಿಲಿಗೆ ಹಾಕಿ. ಮೈ ಮೇಲೆ ಹುಳುಕಡ್ಡಿ ಕಂಡರೆ ವಾಸಿಯಾಗುವವರೆಗೆ ಮ್ಯಾಟ್ ಹತ್ತಬೇಡಿ. ಒಬ್ಬರಿಂದ ಹತ್ತು ಜನಕ್ಕೆ ಹರಡುತ್ತದೆ.

ಆ ವರ್ಷದ ದಸರಾಕ್ಕೆ ಊರಿಗೆ ಹೋದೆ. ತಾತನಿಗೆ ಈಗ ನಡೆಯಲು ಕೋಲು ಬೇಕು. ಆದರೂ ಕುಸ್ತಿ ನೋಡಲೇಬೇಕು ಅಂದರು. ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಕೂತು ಇಡೀ ಮಧ್ಯಾಹ್ನ ನೋಡಿದೆವು. ಬಿದ್ದ ಪೈಲ್ವಾನರೆಲ್ಲ ಬೋರಲಾಗುತ್ತಿದ್ದರು. ಒಬ್ಬ ಮಾತ್ರ ತಿರುಗಲಾಗದೆ, ಕತ್ತಿನ ಮೇಲೆ ಸೇತುವೆಯಂತೆ ಬಾಗಿ, ಹೆಗಲು ತಾಗದ ಹಾಗೆ ಬಹಳ ಹೊತ್ತು ತಡೆದ. ಜನ ಎದ್ದು ನಿಂತು ಕೂಗಿದರು. ಕೊನೆಗೆ ಚಿತ್ ಆದ.

ಮನೆಗೆ ಬಂದ ಮೇಲೆ ತಾತನಿಗೆ ನನ್ನ ಕಲಿಕೆ ತೋರಿಸಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಅಳುಕಿತ್ತು. ನಡುಮನೆಯಲ್ಲಿ ಚಾಪೆ ಹಾಸಿ, ತಮ್ಮನನ್ನು ನನ್ನ ಮೇಲೆ ಮಲಗಿಸಿಕೊಂಡೆ. ಕಂಬ ಇಟ್ಟೆ, ಸೊಂಟ ಸರಿಸಿದೆ, ಮಂಡಿ ತೂರಿಸಿದೆ. ತಾತ ಕುರ್ಚಿಯ ಅಂಚಿಗೆ ಬಂದು ಕೂತರು. "ಇನ್ನೊಂದ್ಸಲ ಮಾಡು," ಅಂದರು. ಮಾಡಿದೆ. "ತಡಿ, ಅಲ್ಲೇ ಇರು," ಅಂದರು. ಕೋಲಿನ ತುದಿಯನ್ನು ನನ್ನ ಮೇಲಿನ ಹೆಗಲ ಕೆಳಗೆ ತೂರಿಸಿ ಚಾಪೆಯ ಮೇಲೆ ಆಡಿಸಿದರು. ಕೋಲು ಸಲೀಸಾಗಿ ಆಡಿತು.

"ಒಂದು ಹೆಗಲು ಹತ್ತಿಲ್ವಲ್ಲೋ," ಅಂದರು. "ನೀನು ಚಿತ್ ಆಗಿಲ್ಲ ಮಗ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒಂದು ವರ್ಷದಿಂದ ನಾನು ತಾತನ ಮಾತನ್ನು ಮರೆಯೋಕೆ ಹೆಣಗುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಬೆನ್ನು ಅಂದರೂ ಅವರ ಮನಸ್ಸಿನಲ್ಲಿದ್ದದ್ದು ಎರಡು ಹೆಗಲ ಮಾತು. ನಾನು ಕೇಳಿಸಿಕೊಂಡಿದ್ದು ಬೆನ್ನಿನ ಮಾತು. ಆಮೇಲೆ ತಾತ ನನ್ನ ಮಣಿಕಟ್ಟು ಹಿಡಿದು, ಮೊಣಕೈಯನ್ನು ಪಕ್ಕೆಗೆ ಇನ್ನೂ ಒತ್ತಿದರು. "ಇಲ್ಲಿ ಸಂದು ಬಿಡ್ತೀಯ ನೀನು. ಇಲ್ಲಿ ಕೈ ಹಾಕಿದ್ರೆ ನಾನೂ ನಿನ್ನ ಎತ್ತಿ ಹಾಕ್ತಿದ್ದೆ." ಅದೇ ಮಡಚಿದ ಟವೆಲಿನ ಜಾಗ. ಆ ಹಿಡಿತದಲ್ಲಿ ಇನ್ನೂ ಎಷ್ಟು ಬಲ ಇದೆ ಅಂತ ಆಶ್ಚರ್ಯವಾಯಿತು. ರಾತ್ರಿ ಊಟದ ತನಕ ಬಿಡಲಿಲ್ಲ. ಕಾಲುಗಳ ಕೋಟೆಯ ಬಗ್ಗೆ ಒಂದೊಂದೇ ಕೇಳಿದರು. ಮೇಲಿನವನು ಎದ್ದು ನಿಂತರೆ? ಒಂದು ಕಾಲು ಹಿಡಿದು ಮಡಚಿದರೆ? ನನಗೆ ಗೊತ್ತಿದ್ದಷ್ಟು ತೋರಿಸಿದೆ. ಗೊತ್ತಿಲ್ಲದ್ದನ್ನು ಕೋಚ್‌ಗೆ ಕೇಳಲು ಬರೆದುಕೊಂಡೆ.

ಮಾರನೇ ವರ್ಷ ನೀಲಿ ಬೆಲ್ಟ್ ಬಂತು. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು, ದೊಡ್ಡವರಿಗೆ ಇವು ಐದು ಮೆಟ್ಟಿಲು. ಕಪ್ಪು ಬೆಲ್ಟಿಗೆ ಸುಮಾರು ಹತ್ತು ವರ್ಷ ಹಿಡಿಯೋದು ಮಾಮೂಲು. ನನಗೆ ಅವಸರವಿಲ್ಲ. ಈ ತಿಂಗಳು ಹಾಫ್ ಗಾರ್ಡ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಎದುರಿನವರ ಒಂದು ಕಾಲು ಮಾತ್ರ ನನ್ನ ಕಾಲುಗಳ ನಡುವೆ ಇರುವ ಜಾಗ ಅದು. ಅಲ್ಲಿ ಅವರ ಕಂಕುಳಡಿ ನನ್ನ ಕೈ ಮೊದಲು ಹೋಗಬೇಕು, ತಡವಾದರೆ ನಾನು ಮತ್ತೆ ಚಪ್ಪಟೆ. ಇನ್ನೂ ತಡವಾಗುತ್ತಿದೆ.

ಹೋದ ವಾರ ದಾವಣಗೆರೆಯ ಹುಡುಗನೊಬ್ಬ ಸೇರಿದ. ಇಪ್ಪತ್ತೆರಡು ವರ್ಷ, ಗರಡಿಯಲ್ಲಿ ಪಳಗಿದ ಮೈ. ಕೋಚ್ ಅವನನ್ನು ನನ್ನ ಜೊತೆ ಆಡಲು ಬಿಟ್ಟರು. ಅವನು ನನ್ನನ್ನು ಎರಡು ಸಲ ಎತ್ತಿ ಹಾಕಿದ. ಎಷ್ಟು ಚೆಂದವಾಗಿ ಎತ್ತಿದ! ಎರಡನೇ ಸಲ ಬೀಳುತ್ತಲೇ ಕಾಲು ನಡುವೆ ತಂದೆ, ಎಳೆದೆ, ಉರುಳಿಸಿದೆ. ಅವನ ಬೆನ್ನು ಮ್ಯಾಟಿಗೆ ತಾಗುವ ಮೊದಲೇ ಅವನು ಬೋರಲಾಗಿ ನೆಲ ಕಚ್ಚಿಕೊಂಡ. ಕೈಕಾಲು ಅಗಲ, ಹೊಟ್ಟೆ ನೆಲಕ್ಕೆ. ನಾನು ಬೆನ್ನು ಹತ್ತಿ ತೋಳನ್ನು ಕತ್ತಿನ ಸುತ್ತ ತಂದೆ. ಅವನು ತಟ್ಟಲಿಲ್ಲ. ಹಲ್ಲು ಕಚ್ಚಿಕೊಂಡು ತಡೆದ. ನಾನು ಬಿಗಿ ಮಾಡದೆ ಬಿಟ್ಟು, ಪಕ್ಕಕ್ಕೆ ಸರಿದು ಕೂತೆ.

ಅವನು ಎದ್ದು ಕೂತು ಕತ್ತು ಸವರಿಕೊಂಡ. "ಅಣ್ಣಾ, ಬಿದ್ದಾಗ ಬೋರಲಾಗದೆ ಮತ್ತೆ ಯಾವ ಕಡೆ ತಿರುಗಬೇಕು?"

ಟೈಮರ್‌ನಲ್ಲಿ ಇನ್ನೂ 2 ನಿಮಿಷ ಇತ್ತು. ನಾನು ಮಗ್ಗುಲಾಗಿ ಮಲಗಿ, ಮೊಣಕೈ ಪಕ್ಕೆಗೆ ತಂದು, ಮಂಡಿ ಮೇಲೆತ್ತಿ ತೋರಿಸಿದೆ.

"ನನ್ನ ಕಡೆಗೆ," ಅಂದೆ.